ಅಪ್ಪನ ಎಡ ಅಂಗೈ

ವಿಜಯಪುರ, ಗೋಳಗುಮ್ಮಟದ ಹಿಂದಿನ ಓಣಿ
೧೮ ಆಗಸ್ಟ್ ೨೦೨೫, ಸೋಮವಾರ ನಸುಕು

ಅಣ್ಣ ಸಂಗನಬಸವನಿಗೆ, ತಂಗಿ ಸೌಭಾಗ್ಯಳ ಶರಣು.

ರಾತ್ರಿ ಎರಡು ಗಂಟೆಗೆ ಬಾಗಿಲ ಹಿಂದಿನ ಮೊಳೆ ಕಿತ್ತುಬಂದು ಕಾವ್ಯಾಳ ಚೀಲ ಕೆಳಗೆ ಬಿತ್ತು. ಬರೀ ಬಟ್ಟೆ ತುಂಬಿದ ಚೀಲ ಬಿದ್ದರೆ ಅಂಥ ಸಪ್ಪಳ ಬರುವುದಿಲ್ಲ. ಅರಿವೆಯಲ್ಲಿ ಸುತ್ತಿಟ್ಟ ಕಲ್ಲು ಫರಸಿಗೆ ಬಡಿದ ಹಾಗೆ, ಮೊಂಡಾದ ಒಂದು ಸಪ್ಪಳ. ಕಾವ್ಯಾ ಬೆಚ್ಚಿ ಅತ್ತಳು. ತಟ್ಟಿ ಮಲಗಿಸಿ, ಲೈಟು ಹಚ್ಚಿ, ಚೀಲ ಎತ್ತಿದೆ. ಆಗ ಕೂತವಳು ಇನ್ನೂ ಎದ್ದಿಲ್ಲ. ನಿನಗೆ ಮತ್ತೆ ಮತ್ತೆ ಫೋನ್ ಮಾಡಿದೆ, ರಿಂಗಾಗಿ ನಿಂತಿತು. ನೇತ್ರಾ ವೈನಿಯ ಮೊಬೈಲು ಬಂದ್ ಇದೆ. ಅವ್ವನ ತಲೆದಿಂಬಿನ ಹತ್ತಿರ ಇರುವ ಸಣ್ಣ ಫೋನಿಗೆ ಮಾಡಲು ನನಗೆ ಧೈರ್ಯವಿಲ್ಲ. ಆಕೆ ಈಗ ಎಲ್ಲೋ ಸ್ವಲ್ಪ ನಿದ್ದೆ ಮಾಡಲು ಶುರು ಮಾಡಿದ್ದಾಳೆ.

ಅದಕ್ಕೇ ಬರೆಯುತ್ತಿದ್ದೇನೆ. ನಸುಕಿನಲ್ಲಿ ಮೂರು ಫೇಸ್ ಕರೆಂಟು ಬಂತೆಂದರೆ ನೀನು ಮೋಟಾರು ಹಚ್ಚಲು ಏಳುತ್ತೀ, ಎದ್ದ ಕೂಡಲೇ ಮೊಬೈಲಿನ ಬೆಳಕು ಹಿಡಿದು ಚಪ್ಪಲಿ ಹುಡುಕುತ್ತೀ. ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಅಂಗಳದಲ್ಲಿ ನಿಂತೇ ಓದು, ಒಳಗೆ ಓದಬೇಡ.

ಮೊದಲು ಮುಖ್ಯ ಮಾತು. ಹೊತ್ತು ಹುಟ್ಟುವುದರೊಳಗೆ ಅಯೂಬಣ್ಣ ಹೊಲಕ್ಕೆ ಬಂದು ಅಪ್ಪನ ಗದ್ದಿಗೆಯ ಮೇಲೆ ಚಪ್ಪಡಿ ಕೂಡಿಸಿ ಸಿಮೆಂಟು ಹಾಕುತ್ತಾನೆ, ನೀನು ಕೂಸನ್ನು ಕಟ್ಟಿಕೊಂಡು ಓಡಿ ಬರಬೇಡ, ಶ್ರಾವಣದ ಕಡೇ ಸೋಮವಾರದ ಪ್ರಸಾದದ ಹೊತ್ತಿಗೆ ಬಂದರೆ ಸಾಕು ಎಂದು ಹೇಳಿದ್ದೆಯಲ್ಲ. ಅಣ್ಣಾ, ನಾನು ಬರುವ ತನಕ ಆ ಚಪ್ಪಡಿ ಕೂಡಿಸಬೇಡ. ಅಪ್ಪನ ಕೊರಳಿನ ಲಿಂಗ ಸಿಕ್ಕಿದೆ. ನನ್ನ ಮುಂದೆಯೇ ಇದೆ.

ಇಷ್ಟು ಓದಿದಾಗಲೇ ನಿನಗೆ ಸಿಟ್ಟು ಬಂದಿರಬೇಕು. ಬರಲಿ. ಆದರೆ ಪೂರ್ತಿ ಓದು.

ನಾನು ಇಲ್ಲಿ ಕಾಲೇಜಿಗಿದ್ದಾಗ ನೀನು ಮುಂಜಾನೆ ಬಬಲೇಶ್ವರದ ಬಸ್ಸಿಗೆ ನನ್ನ ಬುತ್ತಿ ಇಟ್ಟು ಕಳಿಸುತ್ತಿದ್ದೆ. ಸಂಜೆ ಖಾಲಿ ಡಬ್ಬಿಯಲ್ಲಿ ನಾನೊಂದು ಚೀಟಿ ಹಾಕಿ ಅದೇ ಬಸ್ಸಿಗೆ ತಿರುಗಿ ಕಳಿಸುತ್ತಿದ್ದೆ. ಪಲ್ಯದಾಗ ಉಪ್ಪಿಲ್ಲ, ಫೀಗೆ ನಾಳೆ ಕಡೇ ದಿನ, ರೂಮಿನ ಹುಡುಗಿ ಗೊರಕೆ ಹೊಡೀತಾಳ. ಅಪ್ಪ ಕಟ್ಟೆಯ ಮೇಲೆ ಕೂತು ನಿನ್ನಿಂದ ಓದಿಸಿ ಕೇಳುತ್ತಿದ್ದನಂತೆ. ಚೀಟಿ ಇಲ್ಲದ ದಿನ ಡಬ್ಬಿಯನ್ನು ಬೋರಲು ಹಾಕಿ ತಟ್ಟಿ ನೋಡುತ್ತಿದ್ದನಂತೆ. ಅದಾದ ಮೇಲೆ ನಿನಗೆ ನಾನು ಏನೂ ಬರೆದಿಲ್ಲ. ಅಪ್ಪನಿಗೆ ಮಣ್ಣು ಕೊಟ್ಟ ದಿನದಿಂದ ನಮ್ಮಿಬ್ಬರ ಮಾತೂ ಅಷ್ಟಕ್ಕಷ್ಟೇ ಆಗಿದೆ. ನೀನು "ಕೂಸು ಆರಾಮ?" ಅನ್ನುತ್ತೀ, ನಾನು "ಆರಾಮ, ಅವ್ವ ಉಂಡಾಳ?" ಅನ್ನುತ್ತೇನೆ. ನಡುವಿನ ಮಾತನ್ನು ಇಬ್ಬರೂ ದಾಟಿ ಹೋಗುತ್ತೇವೆ. ಮೊದಲೇ ಬರೆಯಬೇಕಿತ್ತು. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ.

ಇಲ್ಲಿ ಉಳಿದದ್ದೆಲ್ಲ ಸರಿ ಇದೆ. ಇವರಿಗೆ ಈ ವಾರ ಟಿಕೋಟಾದ ಕರೆಂಟ್ ಸ್ಟೇಶನ್ನಿನಲ್ಲಿ ರಾತ್ರಿ ಪಾಳಿ. ಕಾವ್ಯಾ ಮಂಚ ಹಿಡಿದು ನಿಲ್ಲುತ್ತಾಳೆ, ನಿಂತ ಮೇಲೆ ಕೂಡುವುದು ಗೊತ್ತಾಗದೆ ಅಳುತ್ತಾಳೆ. ನಾನು ರಾತ್ರಿ ಎದ್ದೆದ್ದು ಅವಳ ಮೂಗಿನ ಹತ್ತಿರ ಕೈ ಹಿಡಿದು ಉಸಿರು ನೋಡುವುದು ಇನ್ನೂ ಪೂರ್ತಿ ಬಿಟ್ಟಿಲ್ಲ. ಇವರು ನಗುತ್ತಾರೆ. "ಅಕಿ ಉಸಿರ ಅಕಿ ಆಡ್ತಾಳ. ನೀ ನಿಂದ ಆಡು" ಅನ್ನುತ್ತಾರೆ.

ಈ ಅಂಜುಬುರುಕತನವೇ ಎಲ್ಲದರ ಬೇರು ಅಣ್ಣಾ.

ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ಊರಿಗೆ ಬಂದಿದ್ದು ನೆನಪಿದೆಯಲ್ಲ. ಕಾಖಂಡಕಿ ರಸ್ತೆಯ ನಮ್ಮ ಹೊಲದಿಂದ ಅಪ್ಪ ಎರೆಮಣ್ಣು ತಂದು ಎತ್ತು ಮಾಡಿದ್ದ. ಕಾವ್ಯಾ ಒಂದು ಎತ್ತಿನ ಕೋಡನ್ನು ಬಾಯಿಗೆ ಹಾಕಿಕೊಂಡಳು. ನಾನು ಚೀರಿ, ಬೆರಳು ಹಾಕಿ ತೆಗೆದು, ಕುದಿಸಿ ಆರಿಸಿದ ನೀರಿನಲ್ಲಿ ಬಾಯಿ ತೊಳೆದೆ. ಅಪ್ಪ ಕೋಡಿಲ್ಲದ ಎತ್ತನ್ನು ಕೈಯಲ್ಲಿ ಹಿಡಿದುಕೊಂಡು, "ತಿನ್ನಲಿ ಬಿಡಬೇ, ನಮ್ಮ ಹೊಲದ್ದ ಮಣ್ಣ. ನೀ ಇದನ್ನ ತಿಂದ ಬಿ.ಎಸ್ಸಿ ಮಾಡೀದಿ" ಅಂದ. ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಮೆಲ್ಲಗೆ ಕೇಳಿದ: "ಈರಯ್ಯ ಅಜ್ಜಾರು ಮನ್ಯಾಗ ಅದಾರ. ಕರಸಲೇನ? ಕೂಸಿಗೆ ಲಿಂಗ ಕಟ್ಟಿಬಿಡೂಣು."

ನಾನು ಬೇಡ ಅಂದೆ. ಮಲಗಿದಲ್ಲಿ ದಾರ ಕೊರಳಿಗೆ ಸುತ್ತಿಕೊಂಡರೆ ಎಂದೆ. ಎಲ್ಲಿಯೋ ಹಾಗಾಗಿದ್ದನ್ನು ಮೊಬೈಲಿನಲ್ಲಿ ಓದಿದ್ದೆ. "ನಿನಗ ತೊಟ್ಟಲದಾಗನ ಕಟ್ಟಿದ್ವಿ. ಏನರ ಆತೇನ?" ಅಂದ. ನನ್ನದು ಮದುವೆಯಾದಾಗಿನಿಂದ ಕಪಾಟಿನಲ್ಲಿ ಸೀರೆಗಳ ಕೆಳಗೆ ಇತ್ತು. ಅದು ಅವನಿಗೆ ಗೊತ್ತಿತ್ತೋ ಇಲ್ಲವೋ. "ಆತು, ವರ್ಷ ತುಂಬಲಿ" ಅಂದ.

ಆಮೇಲೆ ಆ ಮುಂಜಾನೆ. ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಅಪ್ಪ ಬಲೆ ಮಡಚುತ್ತಿದ್ದಾಗ ಬಾಯಿ ಸೊಟ್ಟಗಾಯಿತು ಎಂದು ನೀನು ಗಾಡಿ ಮಾಡಿಸಿಕೊಂಡು ವಿಜಯಪುರದ ಆಸ್ಪತ್ರೆಗೆ ಕರೆತಂದೆ. ಅವ್ವ ಮೊಣಕಾಲು ಹಿಡಿದುಕೊಂಡು ಮನೆಯಲ್ಲೇ ಉಳಿದಳು. ನಾನು ಕೂಸನ್ನೆತ್ತಿಕೊಂಡು, ಇದೇ ಚೀಲ ಹೆಗಲಿಗೆ ಹಾಕಿಕೊಂಡು ಓಡಿ ಬಂದೆ. ನೀನು ಔಷಧಿ ಚೀಟಿ ಹಿಡಿದು ಕೆಳಗೆ ಹೋಗಿದ್ದೆ. ಸ್ಕ್ಯಾನಿನವರು ಅಪ್ಪನಿಗೆ ಕೊರಳಲ್ಲಿದ್ದದ್ದನ್ನು ತೆಗೆಯಿರಿ ಅಂದರು. ಆಗ ಅವನಿಗೆ ಮಾತು ತೊದಲುತ್ತಿತ್ತು, ಆದರೆ ಮಾತು ಇತ್ತು.

"ಇದನ್ನ ತೊಟ್ಟಲದಾಗ ಕಟ್ಟ್ಯಾರ್ರಿ. ಕುಣಿಗೆ ಹೋಗೂತನ ತೆಗಿಯೂ ಪದ್ಧತಿ ಇಲ್ಲ ನಮ್ಮೊಳಗ" ಅಂದ.

"ಬೆಳ್ಳಿ ಐತಿ ಮುತ್ಯಾ. ಮಶೀನ ಕೇಳೂದಿಲ್ಲ."

"ಮಶೀನಿಗೇನ ಗೊತ್ತ, ಪಾಪ" ಎಂದು ಸೊಟ್ಟ ಬಾಯಲ್ಲೇ ನಕ್ಕು, ತಾನೇ ಬಿಚ್ಚಿದ. ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಬಲಗಣ್ಣಿಗೆ, ಎಡಗಣ್ಣಿಗೆ ಒತ್ತಿ ನನ್ನ ಕೈಗೆ ಕೊಟ್ಟ. "ಕೆಳಗ ಇಡಬ್ಯಾಡ ಮಗಳ. ಬಂದ ಕೂಡಲೇ ಕೊಡು."

ಕೆಳಗೆ ಇಡಲಿಲ್ಲ. ಒಂದು ಬಗಲಲ್ಲಿ ಕೂಸು. ಆ ಆಸ್ಪತ್ರೆಯ ಓಣಿಯಂಥ ವರಾಂಡದಲ್ಲಿ ಎಲ್ಲಿ ನೋಡಿದರೂ ಹೊಲಸು. ಚೀಲದಲ್ಲಿ ಎಲ್ಲಕ್ಕಿಂತ ಮೆತ್ತಗೆ, ಎಲ್ಲಕ್ಕಿಂತ ಮಡಿಯಾಗಿದ್ದದ್ದು ಕಾವ್ಯಾಳ ಕೆಂಪು ಉಣ್ಣೆ ಟೊಪ್ಪಿಗೆ. ಕರಡಿಗೆಯನ್ನು ಅದರೊಳಗಿಟ್ಟು, ಲಾಡಿ ಎಳೆದು, ಗಂಟು ಹಾಕಿ, ಬದಿಯ ಜಿಪ್ಪಿನೊಳಗೆ ಸೇರಿಸಿದೆ. ಇದು ಈಗ ನೆನಪಾಗುತ್ತಿದೆ. ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದ ಮೇಲೆ ನೆನಪಾಯಿತು. ಇಷ್ಟು ದಿನ ನನ್ನ ಬೆರಳುಗಳಿಗೆ ಒಂದು ಗಂಟು ಹಾಕಿದ್ದಷ್ಟೇ ನೆನಪಿತ್ತು. ಅದನ್ನು ಅಪ್ಪನ ಕೊರಳ ಹಿಂದೆ ಹಾಕಿದ ಗಂಟು ಎಂದು ನಾನು ನಂಬಿಕೊಂಡಿದ್ದೆ.

ಸ್ಕ್ಯಾನಿನಿಂದ ಬಂದಾಗ ಅಪ್ಪ ನಿದ್ದೆಯಲ್ಲಿದ್ದ. ಡಾಕ್ಟರರು ಏನೋ ಹೇಳುತ್ತಿದ್ದರು, ಕೂಸು ಹಾಲಿಗೆ ಅಳುತ್ತಿತ್ತು. ಹಿಂದಿನ ರಾತ್ರಿ ನಾನು ಮಲಗಿರಲಿಲ್ಲ, ಅದರ ಹಿಂದಿನ ರಾತ್ರಿಯೂ. ಸಂಜೆಗೆ ಎರಡನೇ ಸಲ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಎಲ್ಲ ಒಮ್ಮೆಗೇ ಹೋದವು. ಮರುದಿನ ಮಧ್ಯಾಹ್ನ ಅಪ್ಪ ಹೋದ.

ಮನೆಯಲ್ಲಿ ಜಳಕ ಮಾಡಿಸಿ, ಕೂಡಿಸಿ, ಈರಯ್ಯ ಅಜ್ಜನವರು ವಿಭೂತಿ ಹಚ್ಚುತ್ತ ಕೊರಳಿಗೆ ಕೈ ಹಾಕಿದಾಗ ಅಲ್ಲಿ ಏನೂ ಇರಲಿಲ್ಲ.

"ಸಂಗಪ್ಪಾ, ಲಿಂಗ ಎಲ್ಲೈತಿ?"

ಎಲ್ಲರೂ ನನ್ನ ಕಡೆ ನೋಡಿದರು. "ನಾನ ಕಟ್ಟೇನ್ರಿ ಅಜ್ಜಾರ. ಸ್ಕ್ಯಾನ್ ಆದಮ್ಯಾಲೆ ನನ್ನ ಕೈಯಾರೆ ಕಟ್ಟೇನಿ" ಅಂದೆ. ಸುಳ್ಳು ಹೇಳಲಿಲ್ಲ ಅಣ್ಣಾ. ಕಟ್ಟಿದ್ದೆ ಎಂದೇ ನನಗೆ ಗೊತ್ತಿತ್ತು. ನೀನು ಅಪ್ಪನನ್ನು ಹಾಗೇ ಕೂಡಿಸಿ, ಬೈಕು ತೆಗೆದುಕೊಂಡು ವಿಜಯಪುರಕ್ಕೆ ಹೋದೆ. ನೀನು ತಿರುಗಿ ಬರುವಷ್ಟರಲ್ಲಿ ಅಂಗಳದಲ್ಲಿ ಭಜನೆಯವರು ದಣಿದು ಚಹಾ ಕೇಳಿದರು. ನೀನು ಬರಿಗೈಲೆ ಬಂದೆ. "ಬೆಳ್ಳಿ ಮ್ಯಾಲೆ ಯಾರದೋ ಕಣ್ಣ ಹೋಗೇತಿ. ರೂಮ್ ಕಸ ಹೊಡಿಯಾಕಿ ಒಬ್ಬಾಕಿ ಅದಾಳ, ಸರೀ ಮಾಡಿ ಬಂದೀನಿ ಅಕಿಗೆ" ಅಂದೆ. ಅಜ್ಜನವರು ಮಠದಿಂದ ಹೊಸ ಲಿಂಗ ತರಿಸಿದರು.

ಕುಣಿಯೊಳಗೆ ಅಪ್ಪನ ಎಡ ಅಂಗೈ ಮೇಲೆ ಅದನ್ನಿಡುವಾಗ ಅವ್ವ ಬದುವಿನ ಮೇಲಿಂದ ಕೇಳಿದ್ದು ನಿನಗೂ ಕೇಳಿಸಿರಬೇಕು. "ಅದ ಇವರನ್ನ ಗುರ್ತ ಹಿಡಿತೈತೇನ್ರಿ ಅಜ್ಜಾರ? ಹೊಸಾದೈತಿ."

ಅಜ್ಜನವರು ಕುಣಿಯೊಳಗಿಂದಲೇ ತಲೆ ಎತ್ತಿ ಹೇಳಿದರು. "ಲಿಂಗಕ್ಕ ಹೊಸಾದು ಹಳೇದು ಇಲ್ಲ ರುದ್ರವ್ವಾ. ಈ ಅಂಗೈ ಹಳೇದೈತೆಲ್ಲ. ಇಷ್ಟ ವರ್ಷ ದಿನಾ ಮುಂಜಾನೆ ಶಿವನ್ನ ಕೂಡಿಸಿಕೊಂಡ ಕೈ. ಇದರ ಮ್ಯಾಲೆ ಯಾರ ಬಂದ ಕುಂತ್ರೂ ಶಿವ ಅಂತನ ತಿಳ್ಕೋತೈತಿ. ಅಳಬ್ಯಾಡ."

ಆ ಮಾತು ಅವ್ವನನ್ನು ಹಿಡಿದು ನಿಲ್ಲಿಸಿತು. ಆ ಮಾತು ಒಂದು, ಅಪ್ಪ ಮೊಮ್ಮಗಳ ಕೈ ಹಿಡಿದುಕೊಂಡು ಹೋದ ಎಂಬುದು ಇನ್ನೊಂದು. ಮಾತಾಡಿಸಲು ಬಂದವರಿಗೆಲ್ಲ ಆಕೆ ಅದನ್ನೇ ಹೇಳುತ್ತಾಳೆ. "ಮಗಳ ಕೂಸಿನ ಕೈ ಹಿಡಕೊಂಡ ಹ್ವಾದ್ರವ್ವಾ, ಬಿಡಲೇ ಇಲ್ಲ." ಹೇಳುವಾಗ ಆಕೆಯ ಮುಖ ಒಂದು ಗಳಿಗೆ ಆರಾಮಾಗುತ್ತದೆ. ನಾನು ಎದ್ದು ಒಳಗೆ ಹೋಗುತ್ತೇನೆ. ಮಗಳಿಗೆ ದುಃಖ ಹೆಚ್ಚು ಅಂದುಕೊಳ್ಳುತ್ತಾರೆ.

ಇನ್ನೊಂದು ಹೇಳಬೇಕು. ನೀನು ಸರಿ ಮಾಡಿ ಬಂದ ಹೆಂಗಸು ನಮ್ಮ ಆಚೆಯ ಓಣಿಯವಳು. ಮಕ್ತುಮಬಿ ಎಂದು ಹೆಸರು, ಅವ್ವನ ವಯಸ್ಸು. ಶ್ರಾವಣ ಶುರುವಾಗುವ ಮುಂಚೆ ಕಾಯಿಪಲ್ಲೆಯ ಗಾಡಿಯ ಹತ್ತಿರ ಸಿಕ್ಕಳು. ನಾನು ಮುಖ ತಿರುಗಿಸಿದೆ. ಆಕೆಯೇ ಬಂದು ಕಾವ್ಯಾಳ ಕಾಲು ಮುಟ್ಟಿ, "ಸಿಕ್ತೇನವ್ವಾ ನಿಮ್ಮಪ್ಪನ ದೇವರು?" ಅಂದಳು.

"ಇಲ್ಲ" ಅಂದೆ.

"ನಿಮ್ಮಣ್ಣಾವರು ಭಾಳ ಬೈದ್ರು. ಬೈಯಲಿ. ತಂದಿ ಹೋಗಿದ್ದ, ತಲಿ ಎಲ್ಲಿರತೈತಿ? ನಾ ನಮಾಜಿನ್ಯಾಗ ದಿನಾ ಬೇಡತೀನಿ, ಅದೊಂದು ಸಿಗಲಿ ಅಂತ. ನನ್ನ ಸಲುವಾಗಿ ಅಲ್ಲವ್ವಾ. ದೇವರು ಬ್ಯಾರೇದವರ ಮನ್ಯಾಗ ಇರಬಾರದು."

ಆಕೆ ದಿನಾ ಬೇಡುತ್ತಿದ್ದಾಗ ಅದು ನನ್ನ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಆ ಚೀಲ ನೋಡಿದರೆ ಆ ವರಾಂಡವೇ ಕಣ್ಣ ಮುಂದೆ ಬರುತ್ತದೆಂದು ನಾನು ಮುಟ್ಟಿರಲಿಲ್ಲ. ಕೂಸಿಗೆ ಬೇರೆ ಚೀಲ ತಂದೆವು. ನಿನ್ನೆ ಸಂಜೆ ಊರಿಗೆ ಬರಲು ದೊಡ್ಡದು ಬೇಕೆಂದು ಅದನ್ನು ತೆಗೆದು, ಬಟ್ಟೆ ತುಂಬಿ, ತಿರುಗಿ ಅದೇ ಮೊಳೆಗೆ ಹಾಕಿದೆ. ಬದಿಯ ಜಿಪ್ಪು ನೋಡಲಿಲ್ಲ. ಭಾರಕ್ಕೆ ಮೊಳೆ ತಾಳಲಿಲ್ಲ.

ಕರಡಿಗೆಯ ಮುಚ್ಚಳದ ಮೇಲೆ ನೀನು ಹಲ್ಲು ಬರುವಾಗ ಕಚ್ಚಿದ ಗುರುತು ಹಾಗೇ ಇದೆ. ಒಳಗೆ ತೆಗೆದು ನೋಡಲಿಲ್ಲ. ನೋಡುವ ಅಧಿಕಾರ ನನಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ಕಾವ್ಯಾಳ ಹೊಸ ದುಪ್ಪಟಿಯ ಮೇಲೆ ಇಟ್ಟು, ದೀಪ ಹಚ್ಚಿ ಎದುರಿಗೆ ಕೂತಿದ್ದೇನೆ. ಕೆಳಗೆ ಇಡಬೇಡ ಅಂದಿದ್ದ. ಬಿದ್ದೇ ಬಿಟ್ಟಿತು.

ಈ ಶ್ರಾವಣದಲ್ಲಿ ನನಗೊಂದು ಸಮಾಧಾನ ಸಿಕ್ಕಿತ್ತು, ಅದು ನಿನಗೆ ಗೊತ್ತಿಲ್ಲ. ಮೊದಲನೇ ಸೋಮವಾರ ಊರಿಗೆ ಬಂದಾಗ ಅವ್ವನಿಗೆ ನನ್ನ ಲಿಂಗವನ್ನು ಕಪಾಟಿನಿಂದ ತಂದು ತೋರಿಸಿ, ಹೇಗೆ ಮಾಡಬೇಕು, ನನಗೆ ಮರೆತಿದೆ ಅಂದೆ. ಅವ್ವ ಏನೂ ಬೈಯಲಿಲ್ಲ. ಪಕ್ಕದಲ್ಲಿ ಕೂಡಿಸಿಕೊಂಡು ನನ್ನ ಎಡಗೈಯನ್ನು ತನ್ನ ಎಡಗೈ ಮೇಲೆ ಇಟ್ಟುಕೊಂಡಳು. "ಕೈ ಗಟ್ಟಿ ಹಿಡೀಬ್ಯಾಡ, ಕೂಸಿನ ತಲಿ ಹಿಡಿದಂಗ ಹಿಡಿ" ಅಂದಳು. ಕಾವ್ಯಾ ತೆವಳಿ ಬಂದು ವಿಭೂತಿ ಗಟ್ಟಿಯನ್ನು ನೆಕ್ಕಿಬಿಟ್ಟಳು. ನಾನು ಏಳಲು ಹೋದರೆ ನೇತ್ರಾ ವೈನಿ ಬಾಗಿಲಲ್ಲಿ ನಿಂತು, "ಕೂಡ್ರ ಸೌಭಾಗ್ಯಾ, ನಿನ್ನ ಮಗಳು ಪ್ರಸಾದ ಮೊದಲ ತಗೊಂಡ್ಳು, ಪೂಜಿ ಆಮ್ಯಾಲೆ ಮಾಡ್ತಾಳ" ಅಂದಳು. ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಮೊದಲನೇ ಸಲ.

ಅಂದಿನಿಂದ ದಿನಾ ಮಾಡುತ್ತಿದ್ದೇನೆ. ಕೂಸಿನ ಜಳಕವಾಗಿ ಅದು ಮಲಗಿದ ಹೊತ್ತಿನಲ್ಲಿ. ನನಗೆ ವಚನ ಮಂತ್ರ ಹೆಚ್ಚು ಬರುವುದಿಲ್ಲ, ಸುಮ್ಮನೆ ಓಂ ನಮಃ ಶಿವಾಯ ಅನ್ನುತ್ತೇನೆ. ಮೊದಲು ತಣ್ಣಗಿರುವ ಲಿಂಗ ಸ್ವಲ್ಪ ಹೊತ್ತಿಗೆ ನನ್ನ ಅಂಗೈಯಷ್ಟೇ ಬೆಚ್ಚಗಾಗುತ್ತದೆ. ಆಮೇಲೆ ಯಾವುದು ಕೈ, ಯಾವುದು ಕಲ್ಲು ಎಂದು ತಿಳಿಯುವುದಿಲ್ಲ. ಆ ಗಳಿಗೆಯಲ್ಲಿ ಅಪ್ಪ ಎಲ್ಲಿಯೂ ಹೋಗಿಲ್ಲ ಅನ್ನಿಸುತ್ತದೆ. ಎಲ್ಲಿದ್ದಾನೆ ಎಂದು ಕೇಳಬೇಕು ಅನ್ನಿಸುವುದೂ ಇಲ್ಲ. ಬೆಚ್ಚಗೆ ಎಲ್ಲಿಯೋ ಇದ್ದಾನೆ, ಅಷ್ಟೇ. ಕಾಲೇಜಿನಲ್ಲಿ ಇಂಥ ಮಾತಿಗೆ ನಗುತ್ತಿದ್ದವಳು ನಾನೇ. ಪೂಜೆ ಹಾಗೆ ಕೂಡಿಬಂದ ದಿನ ರಾತ್ರಿ ನಾನು ಮಲಗುತ್ತಿದ್ದೆ ಅಣ್ಣಾ. ಉಸಿರು ನೋಡಲು ಏಳದೆ ಮಲಗುತ್ತಿದ್ದೆ.

ಆಗೆಲ್ಲ ನಿನ್ನ ನೆನಪೂ ಆಗುತ್ತಿತ್ತು. ಸಣ್ಣವನಿದ್ದಾಗ ನೀನೇ ಅಪ್ಪನ ಎದುರಿಗೆ ಪತ್ರಿಯ ತಟ್ಟೆ ಹಿಡಿದು ಕೂಡುತ್ತಿದ್ದವನು. ನನ್ನನ್ನು ಹೂ ತರಲು ಹಿತ್ತಲಿಗೆ ಅಟ್ಟುತ್ತಿದ್ದರು, ನಾನು ಬರುವಷ್ಟರಲ್ಲಿ ಪೂಜೆ ಮುಗಿದಿರುತ್ತಿತ್ತು. ಅಪ್ಪ ಲಿಂಗವನ್ನು ನೋಡುತ್ತ ಕಣ್ಣು ಮಿಟುಕಿಸುವುದಿಲ್ಲ ಎಂದು ನೀನು ಬಿಲ್ವಪತ್ರಿಯ ದೇಟಿನಿಂದ ಅವನ ಕಿವಿಗೆ ಕಚಗುಳಿ ಇಟ್ಟಿದ್ದೆಯಂತೆ. ಅಲುಗಾಡಲಿಲ್ಲವಂತೆ. ಎಲ್ಲ ಮುಗಿಸಿ, ಕರಡಿಗೆ ಕೊರಳಿಗೆ ಕಟ್ಟಿಕೊಂಡು, ಎದ್ದು ನಿಂತು, ಶಾಂತವಾಗಿ ಬೆನ್ನಿಗೆ ಒಂದು ಕೊಟ್ಟನಂತೆ. "ಶಿವಾ ಅನ್ನುದ್ರಾಗ ಹೊಡಿಯಾಕ ಬರೂದಿಲ್ಲಲೇ, ಅದಕ್ಕ ಉಳಕೊಂಡಿದ್ದಿ" ಅಂದನಂತೆ.

ಈಗ ಏನು ಮಾಡೋಣ ಹೇಳು. ನಾನು ಯೋಚಿಸಿದ್ದು ಇಷ್ಟು. ಮೊದಲ ಬಸ್ಸಿಗೆ ಹೊರಡುತ್ತೇನೆ. ಅಯೂಬಣ್ಣನಿಗೆ ಒಂದು ತಾಸು ಕಾಯಲು ಹೇಳು, ಬೇರೆ ಕೆಲಸಕ್ಕೆ ಹೋಗಬೇಕೆಂದು ಗೊಣಗುತ್ತಾನೆ, ಆದರೆ ಅಪ್ಪನ ಹೆಸರು ಹೇಳಿದರೆ ನಿಲ್ಲುತ್ತಾನೆ. ಕುಣಿ ತೆಗೆಯುವುದು ಬೇಡ. ತೆಗೆಯಬಾರದು. ಚಪ್ಪಡಿಯ ಕೆಳಗೆ, ಅಪ್ಪನ ಎಡಗೈ ಇರುವ ಕಡೆ ಮಣ್ಣು ಒಂದು ಗೇಣು ಸರಿಸಿ, ಇದನ್ನು ಇಟ್ಟು, ಮೇಲೆ ಮುಚ್ಚಲು ಬರುತ್ತದೆಯೇ ಎಂದು ಈರಯ್ಯ ಅಜ್ಜನವರನ್ನು ಕೇಳು. ಅವರು ಬರುವುದಿಲ್ಲ ಅಂದರೆ ಹೊಳೆಗೋ ಮಠಕ್ಕೋ, ಅವರು ಹೇಳಿದ ಹಾಗೆ. ಆದರೆ ಸಿಮೆಂಟು ಬಿದ್ದ ಮೇಲೆ ಕೇಳುವ ದಾರಿಯೂ ಇರುವುದಿಲ್ಲ.

ಅಜ್ಜನವರ ಮುಂದೆ ನಾನೇ ಹೇಳುತ್ತೇನೆ, ನೀನು ತಲೆ ತಗ್ಗಿಸಬೇಕಾಗಿಲ್ಲ. ಮಕ್ತುಮಬಿಯ ಮನೆಗೆ ನಾವಿಬ್ಬರೂ ಹೋಗೋಣ. ನೀನು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ, ಆದರೆ ನೀನು ಬಂದರೆ ಆಕೆಗೆ ಹೆಚ್ಚು. ಕಾವ್ಯಾಳಿಗೆ ಇವತ್ತೇ ಲಿಂಗ ಕಟ್ಟಿಸಿದರೂ ನನ್ನದು ಏನೂ ತಕರಾರಿಲ್ಲ. ದಾರ ಸಣ್ಣದು ಮಾಡಲು ಹೇಳು, ಅಷ್ಟೇ.

ಅವ್ವನಿಗೆ ಸದ್ಯಕ್ಕೆ ಏನೂ ಹೇಳಬೇಡ. ವೈನಿಗೆ ಶರಣು ಹೇಳು. ನೀನು ಸಣ್ಣಾಗಿದ್ದೀ, ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ನಿನ್ನ ಬೆನ್ನ ಹಿಂದೆ ಇದ್ದೇ ಇರುತ್ತಾನೆ, ಶಿವ ನಿನ್ನನ್ನು ತಂಪಾಗಿ ಇಟ್ಟಿರಲಿ.

ನಿನ್ನ ತಂಗಿ,
ಸೌಭಾಗ್ಯ

ತಾ.ಕ.: ಸಹಿ ಹಾಕಿ, ಹಾಳೆಗಳನ್ನು ಜೋಡಿಸಿ, ಫೋಟೋ ತೆಗೆಯಲು ಕೂತೆ. ಇದನ್ನು ಬಿಟ್ಟು ಕಳಿಸಿದರೆ ಏನೂ ಬರೆಯದ ಹಾಗೆ ಅಂತ ಅನ್ನಿಸಿತು.

ಅಪ್ಪ ಮೊಮ್ಮಗಳ ಕೈ ಹಿಡಿದು ಹೋದ ಎಂದು ಅವ್ವನಿಗೆ ಹೇಳಿದವಳು ನಾನು. ಅದು ನಿಜ. ಆದರೆ ಅದಕ್ಕೆ ಮೊದಲಿನದನ್ನು ನಾನು ಯಾರಿಗೂ ಹೇಳಿಲ್ಲ, ಯಾಕೆಂದರೆ ಇವತ್ತಿನ ತನಕ ಅದರ ಅರ್ಥ ನನಗೇ ಗೊತ್ತಿರಲಿಲ್ಲ. ಆ ಕಡೇ ಮುಂಜಾನೆ ನೀನು ರಕ್ತದ ಚೀಟಿ ಹಿಡಿದು ಓಡಾಡುತ್ತಿದ್ದೆ. ರೂಮಿನಲ್ಲಿ ನಾನು, ಅಪ್ಪ, ಕೂಸು. ಅಪ್ಪನಿಗೆ ಎಡಗೈ ಒಂದೇ ಆಡುತ್ತಿತ್ತು. ಅದನ್ನು ನನ್ನ ಕಡೆ ಚಾಚಿದ, ಅಂಗೈ ಮೇಲೆ ಮಾಡಿ. ನೀರು ಕೊಟ್ಟೆ. ಮುಖ ತಿರುಗಿಸಿದ. ಮತ್ತೆ ಚಾಚಿದ. ಚಾಳೀಸಿನ ಕನ್ನಡಕ ಇಟ್ಟೆ. ಜಾರಿ ಬಿತ್ತು. ನಿನಗೆ ಫೋನ್ ಹಚ್ಚಿ ಮೊಬೈಲು ಇಟ್ಟೆ, ಅದನ್ನೂ ಹಿಡಿಯಲಿಲ್ಲ. ಬರೀ ನನ್ನ ಮುಖ ನೋಡಿದ, ಮತ್ತೆ ಕೈ ಚಾಚಿದ. ಆ ರೂಮಿನಲ್ಲಿ ಮುತ್ಯಾ ಮೊಮ್ಮಗಳ ಕೊರಳು ಎರಡೂ ಬರಿದಿದ್ದವು. ಒಂದಕ್ಕೆ ನಾನು ಕಟ್ಟಿಸಿರಲಿಲ್ಲ, ಇನ್ನೊಂದರದು ನನ್ನ ಕಾಲ ಹತ್ತಿರದ ಚೀಲದಲ್ಲಿತ್ತು. ನಾನು, ಕೂಸನ್ನು ಕೇಳುತ್ತಿದ್ದಾನೆ ಅಂದುಕೊಂಡೆ. ಕಾವ್ಯಾಳನ್ನು ಹತ್ತಿರ ಹಿಡಿದು ಅವಳ ಮುಷ್ಟಿಯನ್ನು ಅವನ ಅಂಗೈ ಮೇಲೆ ಇಟ್ಟೆ.

ಆಗ ಕೈ ನಿಂತಿತು. ಅವನು ಆ ಮುಷ್ಟಿಯನ್ನೇ ನೋಡುತ್ತಿದ್ದ, ಬಹಳ ಹೊತ್ತು, ಕಣ್ಣು ಮುಚ್ಚದೆ. ತುಟಿ ಸ್ವಲ್ಪ ಆಡುತ್ತಿತ್ತು. ಹೆಬ್ಬೆರಳಿನಿಂದ ಮುಷ್ಟಿಯ ಸುತ್ತ ಸವರಿದ. ಆಮೇಲೆ ಬಹಳ ಕಷ್ಟದಿಂದ ಎತ್ತಿ ಬಲಗಣ್ಣಿಗೆ, ಎಡಗಣ್ಣಿಗೆ ಒತ್ತಿಕೊಂಡು, ಎದೆಯ ಮೇಲೆ ಇಟ್ಟುಕೊಂಡ. ಮತ್ತೆ ಕೈ ಚಾಚಲಿಲ್ಲ.

ಮೊಮ್ಮಗಳ ಕೈಯನ್ನು ಯಾವ ಮುತ್ಯಾನೂ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಅದಕ್ಕೇ ನನಗೆ ತಿಳಿಯುತ್ತಿಲ್ಲ. ಲಿಂಗ ಕೇಳಿ ಕೇಳಿ ದಣಿದು, ಈ ಹುಡುಗಿಗೆ ಗೊತ್ತಾಗುವುದಿಲ್ಲವೆಂದು ಕೊಟ್ಟದ್ದನ್ನೇ ಹಿಡಿದುಕೊಂಡು ಸುಮ್ಮನಾದನೋ, ಇಲ್ಲ ಆ ಮುಷ್ಟಿಯಲ್ಲೇ ಅವನಿಗೆ ಬೇಕಾದದ್ದು ಸಿಕ್ಕಿತ್ತೋ? ಕಡೆಯ ತನಕ ಪೂಜೆ ನೋಡಿದವನು ನೀನು, ನಾನಲ್ಲ. ಮುಗಿಸುವಾಗ ಅಪ್ಪ ಹೆಬ್ಬೆರಳಿನಿಂದ ಹಾಗೆ ಸುತ್ತ ಸವರುತ್ತಿದ್ದನೇ? ತುಟಿ ಹಾಗೆ ಆಡುತ್ತಿತ್ತೇ? ಎದೆಗೆ ಹಾಗೆ ಇಟ್ಟುಕೊಳ್ಳುತ್ತಿದ್ದನೇ? ಹೌದು ಎಂದರೆ ಹೌದು ಅನ್ನು, ಇಲ್ಲ ಎಂದರೆ ಇಲ್ಲ ಅನ್ನು, ನನ್ನ ಸಮಾಧಾನಕ್ಕೆ ಏನೂ ಸೇರಿಸಬೇಡ. ಬೈಯುವುದಿದ್ದರೆ ಬೈ. ಆದರೆ ಅಯೂಬಣ್ಣ ಸಿಮೆಂಟಿಗೆ ನೀರು ಹಾಕುವ ಮೊದಲು, ಅವ್ವ ಏಳುವ ಮೊದಲು, ನಿನ್ನ ಕಾಲು ಹಿಡಿಯುತ್ತೇನೆ ಅಣ್ಣಾ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡು.